ಹಿಂದೆ ಬರುತ್ತಿದ್ದ ಮನೆ

ನಮ್ಮ ಮನೆಯಲ್ಲಿ ಶುಂಠಿ ಜಜ್ಜುವುದಕ್ಕೆ ಕುಟ್ಟಾಣಿ ಇಲ್ಲ. ಇತ್ತು, ಯಾರೋ ಒಯ್ದರು, ಯಾರೆಂದು ಮರೆತುಹೋಯಿತು. ಈಗ ಆ ಕೆಲಸಕ್ಕೆ ಒಂದು ಗೇಣುದ್ದದ ಕಬ್ಬಿಣದ ಪಿನ್ನಿದೆ. ಹೆಬ್ಬೆರಳಿಗಿಂತ ದಪ್ಪ, ಮೇಲೊಂದು ಬಳೆ, ಕೆಳಗೊಂದು ತೂತು. ಸಾಸಿವೆ ಡಬ್ಬಿಯ ಪಕ್ಕದಲ್ಲಿ ಅದರ ಜಾಗ. ಅಡುಗೆಮನೆಯವರೆಗೂ ಸಲಿಗೆ ಇರುವವರು ಅದನ್ನು ಕೈಗೆತ್ತಿಕೊಂಡು, ತೂಕ ನೋಡಿ, ಇದೆಂತದು ಎಂದು ಕೇಳದೆ ಇರುವುದಿಲ್ಲ. ನನ್ನ ಹೆಂಡತಿ ಗಿರಿಜ ಒಲೆಯಿಂದ ಮುಖ ತಿರುಗಿಸದೆ, ಅದು ನ್ಯಾಷನಲ್ ಪಾರ್ಕಿಗೆ ಹೋದಾಗ ತಂದಿದ್ದು ಎನ್ನುತ್ತಾಳೆ. ಅದರಲ್ಲಿ ಎರಡು ಸುಳ್ಳಿದೆ. ನಾವು ನ್ಯಾಷನಲ್ ಪಾರ್ಕಿನೊಳಗೆ ಕಾಲಿಡಲೇ ಇಲ್ಲ. ಪಿನ್ನನ್ನು ಅಲ್ಲಿಂದ ತಂದದ್ದೂ ಅಲ್ಲ, ಸಾಗರದಿಂದ ಒಯ್ದದ್ದು.

ನಮ್ಮ ಮನೆ ಇರುವುದು ಹೊಸನಗರದ ಬಸ್ ಸ್ಟ್ಯಾಂಡಿನ ಬೆನ್ನಿಗೆ. ಕಟ್ಟಿಸುವಾಗ ಎಲ್ಲರೂ ಎಂಥ ಅನುಕೂಲದ ಜಾಗ ಎಂದು ಹೊಗಳಿದ್ದರು. ಯಾರಿಗೆ ಅನುಕೂಲ ಎಂದು ನಾನು ವಿಚಾರಿಸಲಿಲ್ಲ. ಬಸ್ಸು ತಪ್ಪಿಸಿಕೊಂಡವರು, ಬಸ್ಸಿಗೆ ಒಂದು ಗಂಟೆ ಮೊದಲೇ ಬಂದವರು, ಛತ್ರಿ ಇಟ್ಟು ಹೋಗುವವರು, ಆ ಛತ್ರಿಯನ್ನು ತರಲು ಅವರು ಕಳಿಸಿದವರು, ಎಲ್ಲರೂ ನಮ್ಮ ಜಗಲಿಗೆ ಬರುತ್ತಾರೆ. ನಾನು ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಟ್ಟವನು. ಅರ್ಧ ತಾಲ್ಲೂಕು ನನ್ನ ಶಿಷ್ಯರು, ಉಳಿದರ್ಧ ನೆಂಟರು, ನಡುವೆ ಎರಡೂ ಆಗಿರುವವರೂ ಇದ್ದಾರೆ. ಬಂದವರನ್ನು ಬಾಯಿಗೆ ಏನೂ ಕೊಡದೆ ಕಳಿಸುವ ಪದ್ಧತಿ ನಮ್ಮ ಸೀಮೆಯಲ್ಲಿಲ್ಲ. ಕೊಡುವವಳು ಗಿರಿಜ. ಕುಡಿದೇ ಹೋಗಬೇಕು ಎಂದು ಬಾಗಿಲಿಗೆ ಅಡ್ಡ ನಿಂತು ಉಪಚಾರ ಹೇಳಿ ಒಳ್ಳೆಯವನೆನಿಸಿಕೊಳ್ಳುವವನು ನಾನು.

ಗಿರಿಜ ತನಗೆಂದು ಕಾಫಿ ಬಗ್ಗಿಸಿಕೊಳ್ಳುವುದಕ್ಕೂ ಬಾಗಿಲು ಬಡಿಯುವುದಕ್ಕೂ ಯಾವಾಗಲೂ ಸರಿಹೋಗುತ್ತದೆ. ಲೋಟವನ್ನು ಕಿಟಕಿಯ ಮೇಲಿಟ್ಟು, ಮೇಲೊಂದು ತಟ್ಟೆ ಮುಚ್ಚಿ ಹೊರಗೆ ಬರುತ್ತಾಳೆ. ಆ ತಟ್ಟೆಯನ್ನು ತೆಗೆಯುವ ಹೊತ್ತಿಗೆ ಕಾಫಿಯ ಮೇಲೆ ಕೆನೆ ಕಟ್ಟಿರುತ್ತದೆ. ಮೂವತ್ತು ವರ್ಷ ಆ ಕಿಟಕಿಯ ಮುಂದೆಯೇ ಓಡಾಡಿದ್ದೇನೆ. ತಟ್ಟೆ ಮುಚ್ಚಿದ ಲೋಟವನ್ನು ನೋಡಿ, ಓಹೋ ಹಲ್ಲಿ ಬೀಳದಿರಲಿ ಎಂದು ಮುಚ್ಚಿದ್ದಾಳೆ, ಎಷ್ಟು ಶಿಸ್ತು ಎಂದುಕೊಂಡಿದ್ದೇನೆ.

ಇನ್ನು ಆ ಪಿನ್ನು ಬಂದ ಟ್ರೈಲರಿನ ಕಥೆ. ಗಿರಿಜಳ ತಮ್ಮ ಮಂಜು ಸಾಗರದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನೆ. ಗೇಟು, ಗ್ರಿಲ್ಲು, ಗದ್ದೆ ಉಳುವ ಟಿಲ್ಲರಿನ ಟ್ರೈಲರು ಅವನ ಕಸುಬು. ಎಲ್ಲೋ ವಿದೇಶದ ಬೆಟ್ಟಗಳಲ್ಲಿ ವಯಸ್ಸಾದ ಗಂಡಹೆಂಡಿರು ಕಾರಿನ ಹಿಂದೆ ಪುಟ್ಟ ಮನೆಯೊಂದನ್ನು ಕಟ್ಟಿಕೊಂಡು, ಒಂದು ರಾಷ್ಟ್ರೀಯ ಉದ್ಯಾನದಿಂದ ಇನ್ನೊಂದಕ್ಕೆ ತಿರುಗುವ ವೀಡಿಯೊಗಳನ್ನು ಅವನು ಫೋನಿನಲ್ಲಿ ನೋಡಿದ. ನೋಡಿದವನೇ, ಟಿಲ್ಲರ್ ಟ್ರೈಲರಿಗೆ ಮಾಡು ಹೊದೆಸಿದರೆ ಮುಗಿಯಿತು, ಇದರಲ್ಲಿ ಎಂತ ದೊಡ್ಡ ಸಂಗತಿ ಇದೆ ಭಾವ ಎಂದ. ತಗಡಿನ ಗೋಡೆ, ಹಳೆ ಬಸ್ಸಿನ ಎರಡು ಕಿಟಕಿ, ಯಾರೋ ಕೊಟ್ಟಿಗೆಗೆಂದು ಮಾಡಿಸಿ ಒಯ್ಯದೆ ಬಿಟ್ಟ ಬಾಗಿಲು, ಒಳಗೆ ಎರಡು ಬೆಂಚು, ಗ್ಯಾಸ್ ಒಲೆ, ದೇವರಿಗೊಂದು ಹಲಗೆ. ಎಳೆಯಲು ಅವನದೇ ಹಳೆಯ ಜೀಪು.

ನಾನು ನಕ್ಷೆ ತೆಗೆದೆ. ನನ್ನ ಕೆಲಸವಿದ್ದಷ್ಟು ವರ್ಷವೂ ಮಕ್ಕಳಿಂದ ರಾಷ್ಟ್ರೀಯ ಉದ್ಯಾನಗಳನ್ನು ಹಸಿರು ಪೆನ್ಸಿಲಿನಲ್ಲಿ ಗುರುತು ಮಾಡಿಸಿದವನು ನಾನು. ಕುದುರೆಮುಖವನ್ನು ಸ್ವಲ್ಪ ಆಚೀಚೆ ಮಾಡಿದವರಿಗೆ ಅರ್ಧ ಅಂಕ ಕಳೆದಿದ್ದೇನೆ. ಮನೆಯಿಂದ ಅರ್ಧ ದಿನದ ಹಾದಿಯಲ್ಲಿರುವ ಅದನ್ನು ಕಣ್ಣಿನಿಂದ ನೋಡಿರಲಿಲ್ಲ. ಮೊದಲು ಕುದುರೆಮುಖ, ಆಮೇಲೆ ನಾಗರಹೊಳೆ, ಬಂಡೀಪುರ ಎಂದು ಗೆರೆ ಎಳೆದೆ. ಗಿರಿಜ ಬರಲಾರಳು ಎಂದೇ ನಾವಿಬ್ಬರೂ ಎಣಿಸಿದ್ದೆವು. ಅವಳು ಕೇಳಿದ್ದು ಒಂದೇ ಪ್ರಶ್ನೆ, ಅಲ್ಲಿ ನಮ್ಮ ಗುರುತಿನವರು ಯಾರಾದರೂ ಇದ್ದಾರಾ ಎಂದು. ಹುಲಿ, ಕಡವೆ ಬಿಟ್ಟರೆ ಯಾರೂ ಇಲ್ಲ ಎಂದ ಮಂಜು.

‘ಹಂಗಾರೆ ಬರ್ತೀನಿ,’ ಎಂದಳು ಗಿರಿಜ. ‘ಶುಂಠಿ ಹಾಕಿ ಒಂದ್ ಲೋಟ ಕಾಫಿ, ಬಿಸಿ ಇದ್ದಾಗ್ಲೇ, ಕೂತ್ಕಂಡು ಪೂರ್ತಿ ಕುಡೀಬೇಕು ನಂಗೆ. ಯಾರೂ ಬಾಗ್ಲು ಬಡೀಬಾರ್ದು. ಅಷ್ಟಾದ್ರೆ ಸಾಕು. ಹುಲಿ ನೀವೇ ನೋಡ್ಕಳಿ.’

ಶುಂಠಿ ಕಾಫಿ ಅವಳಿಗೆ ಇಷ್ಟವೆಂದು ನನಗೆ ಗೊತ್ತಿರಲಿಲ್ಲ. ಬಂದವರಲ್ಲಿ ಎಲ್ಲರಿಗೂ ಆಗಿಬರುವುದಿಲ್ಲವೆಂದು ಅವಳು ಅದನ್ನು ಮಾಡುವುದನ್ನೇ ಬಿಟ್ಟಿದ್ದಳಂತೆ. ಆ ದಿನ ನಾನು ನಕ್ಕೆ. ಇದನ್ನು ಬರೆಯುವಾಗ ನಗು ಬರುತ್ತಿಲ್ಲ.

ಶಿವರಾತ್ರಿ ಕಳೆದ ವಾರ ಟ್ರೈಲರನ್ನು ಇಕ್ಕೇರಿಗೆ ಎಳೆದುಕೊಂಡು ಹೋಗಿ, ದೇವಸ್ಥಾನದ ಹೊರಗಿನ ಬಯಲಿನಲ್ಲಿ ನಿಲ್ಲಿಸಿ, ನಮ್ಮ ಮನೆಯ ಪುರೋಹಿತರನ್ನು ಕರೆಸಿದೆವು. ಅವರು ಒಂದು ಸುತ್ತು ಬಂದು, ಇದು ವಾಹನ ಪೂಜೆಯೋ ಗೃಹಪ್ರವೇಶವೋ ಎಂದು ಕೇಳಿದರು. ಯಾವುದಕ್ಕೂ ಇರಲಿ, ಎರಡೂ ಮಾಡಿಬಿಡಿ ಎಂದ ಮಂಜು. ಹಾಗಾಗಿ ಒಳಗೆ ಗಿರಿಜ ಹಾಲು ಉಕ್ಕಿಸಲು ಇಟ್ಟಳು, ಹೊರಗೆ ಚಕ್ರದಡಿಗೆ ನಿಂಬೆಹಣ್ಣು ಇಟ್ಟೆವು. ಹಾಲು ಇನ್ನೇನು ಉಕ್ಕಬೇಕು, ಮಂಜು ನಿಂಬೆಹಣ್ಣಿನ ಮೇಲೆ ಗಾಡಿ ಬಿಟ್ಟ. ಹಾಲು ಒಲೆ, ಬೆಂಚು, ಗಿರಿಜಳ ಸೀರೆ ಎಂದು ನೋಡದೆ ಚೆಲ್ಲಿತು. ಪೂರ್ವಕ್ಕೆ ಉಕ್ಕಿತೋ ದಕ್ಷಿಣಕ್ಕೋ ಎಂದು ಪುರೋಹಿತರು ಕೇಳಿದರು. ಅಷ್ಟರಲ್ಲಿ ಗಾಡಿ ತಿರುಗಿತ್ತು. ನಾನು ಭೂಗೋಳದವನಾದ್ದರಿಂದ ತೀರ್ಪು ನನಗೆ ಬಂತು. ಗಾಡಿಯ ಲೆಕ್ಕದಲ್ಲಿ ಪೂರ್ವ, ಭೂಮಿಯ ಲೆಕ್ಕದಲ್ಲಿ ನೈಋತ್ಯ ಎಂದೆ. ಅವರು, ಮಲಗುವಾಗಲಾದರೂ ಬಾಗಿಲು ದಕ್ಷಿಣಕ್ಕೆ ಬಾರದ ಹಾಗೆ ನಿಲ್ಲಿಸಿ ಎಂದು ಹೇಳಿ ತೆಂಗಿನಕಾಯಿ ಒಡೆದರು.

ಹೊಸನಗರದ ನಮ್ಮ ಅಂಗಳಕ್ಕೆ ಟ್ರೈಲರು ಬಂದಾಗ ಬಸ್ ಸ್ಟ್ಯಾಂಡಿನ ಜನವೆಲ್ಲ ನೋಡಲು ಸೇರಿತು. ಮಂಜು ಎಲ್ಲರಿಗೂ ಕೊಂಡಿಯ ತಾಂತ್ರಿಕತೆಯನ್ನು ವಿವರಿಸಿದ. ಜೀಪಿನ ಹಿಂದೆ ಎರಡು ಕಿವಿ, ನಡುವೆ ಟ್ರೈಲರಿನ ಮೂಗು, ಮೂರಕ್ಕೂ ಸೇರಿಸಿ ಈ ಪಿನ್ನು. ಮೂಗಿನ ಕೆಳಗೆ ಇಳಿಸುವ ಒಂದು ಕಾಲು. ಗಿರಿಜ ಕಾಫಿಯ ತಟ್ಟೆ ಹಿಡಿದು ನಿಂತಿದ್ದವಳು, ಇದೊಂದು ತೆಗೆದರೆ ಬಿಟ್ಟುಕೊಳ್ಳುತ್ತದಾ ಎಂದು ಕೇಳಿದಳು. ಕಾಲು ಇಳಿಸಿ, ಚಕ್ರಕ್ಕೆ ಹಿಂದೆ ಮುಂದೆ ಮರದ ಬೆಣೆ ಕೊಟ್ಟು, ದೀಪದ ವಯರು ಕಿತ್ತು, ಆಮೇಲೆ ಪಿನ್ನು ತೆಗೆಯಬೇಕು ಅಕ್ಕ, ಒಬ್ಬರೇ ಮಾಡಬಹುದು, ಅಷ್ಟು ಸುಲಭ ಎಂದು ಮಂಜು ಹೆಮ್ಮೆಯಿಂದ ಹೇಳಿದ. ಅವಳು ತಲೆಯಾಡಿಸಿ ಒಳಗೆ ಹೋದಳು.

ನಾನು ಸಣ್ಣವನಿದ್ದಾಗ ನಮ್ಮ ಅಜ್ಜಿಯ ಜೊತೆ ಎತ್ತಿನಗಾಡಿಯಲ್ಲಿ ಮದುವೆಗಳಿಗೆ ಹೋಗುತ್ತಿದ್ದೆ. ನಮ್ಮಲ್ಲಿ ಕೆಂದ ಎಂಬ ಎತ್ತಿತ್ತು. ಹಾದಿಯಲ್ಲಿ ನೆಂಟರ ಮನೆ ಬಂದರೆ ಯಾರೂ ಹೇಳದೆಯೇ ನಿಲ್ಲುತ್ತಿತ್ತು. ಅಜ್ಜಿ ಇಳಿದು, ಬೆಲ್ಲ ನೀರು ಕುಡಿದು, ಒಂದು ಜನ್ಮದ ಸುದ್ದಿ ಮಾತಾಡಿ ಬರುವವರೆಗೂ ಕೆಂದ ಮೆಲುಕು ಹಾಕುತ್ತಿತ್ತು. ಒಂದು ಸಲ ಅಜ್ಜಿ ಜಗಳವಾಡಿಕೊಂಡಿದ್ದ ಮನೆಯ ಮುಂದೆಯೂ ನಿಂತಿತು. ಎಷ್ಟು ಹೊಡೆದರೂ ಕದಲಲಿಲ್ಲ. ಕೊನೆಗೆ ಅಜ್ಜಿಯೇ ಇಳಿದು ರಾಜಿ ಮಾಡಿಕೊಂಡು ಬಂದಳು. ನೆಂಟರ ಮನೆಯ ಮುಂದೆ ನಿಲ್ಲಿಸದೆ ಹೋದವರನ್ನು ನಮ್ಮ ಕಡೆ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಜೀಪಿನಲ್ಲಿ ಜೋರಾಗಿ ಹೋಗಿ, ಕಾಣಲಿಲ್ಲ ಎಂದು ಆಮೇಲೆ ತಪ್ಪಿಸಿಕೊಳ್ಳಬಹುದು. ಹಿಂದೆ ಮನೆಯನ್ನೇ ಎಳೆದುಕೊಂಡು ಹೋಗುವವರು ಯಾರ ಕಣ್ಣಿಗೆ ತಪ್ಪಿಸಿಕೊಳ್ಳುತ್ತಾರೆ ಹೇಳಿ.

ಮೊದಲ ದಿನ ಕೋಣಂದೂರಿಗೆ ಬಂದೆವು. ಅಲ್ಲಿ ಗಿರಿಜಳ ಚಿಕ್ಕಮ್ಮನ ಮನೆ. ಚಿಕ್ಕಮ್ಮ ನಮಗೆ ಹಾಸಿಗೆ ಹಾಸಿಟ್ಟಿದ್ದರು. ಮಂಜು, ನಮ್ಮ ಮನೆ ನಮ್ಮ ಜೊತೆಗೇ ಇದೆಯಲ್ಲ, ಅಂಗಳದಲ್ಲೇ ಮಲಗುತ್ತೇವೆ ಎಂದ. ಚಿಕ್ಕಮ್ಮನ ಮುಖ ಸಣ್ಣದಾಯಿತು. ಆದರೆ ಅವರು ಸೋಲುವವರಲ್ಲ. ಸಂಜೆ ರೇಷ್ಮೆ ಸೀರೆ ಉಟ್ಟು, ಕೈಯಲ್ಲಿ ಎರಡು ಮೊಗೆಕಾಯಿ, ನಮ್ಮ ಕಡೆಯ ದಪ್ಪ ಸೌತೆ, ಹಿಡಿದು, ಓಣಿಯ ಹನ್ನೊಂದು ಜನರನ್ನು ಕರೆದುಕೊಂಡು ತಮ್ಮದೇ ಅಂಗಳಕ್ಕೆ ಅತಿಥಿಯಾಗಿ ಬಂದರು. ಹೊಸಮನೆ ನೋಡಲು ಬಂದವರು ಬರಿಗೈಯಲ್ಲಿ ಬರುವಂತಿಲ್ಲ, ಆದ್ದರಿಂದ ಪ್ರತಿಯೊಬ್ಬರ ಕೈಯಲ್ಲೂ ಮೊಗೆಕಾಯಿ. ಮನೆಗೆ ಬಂದವರನ್ನು ಬರಿಬಾಯಲ್ಲಿ ಕಳಿಸುವಂತಿಲ್ಲ, ಆದ್ದರಿಂದ ಗಿರಿಜ ಹನ್ನೆರಡು ಲೋಟ ಕಾಫಿ ಮಾಡಿದಳು. ಲೋಟ ಸಾಲದೆ ಚಿಕ್ಕಮ್ಮನ ಮನೆಯಿಂದಲೇ ತಂದದ್ದಾಯಿತು. ನಮ್ಮ ಮನೆಯಲ್ಲಿ ಕಾಫಿ ಕುಡಿದ ಮೇಲೆ ಚಿಕ್ಕಮ್ಮ ನಮ್ಮನ್ನು ಊಟಕ್ಕೆ ಕರೆಯಲೇಬೇಕಾಯಿತು. ಉಂಡ ಮೇಲೆ ನಾವು ಅವರನ್ನು ಬೆಳಗಿನ ತಿಂಡಿಗೆ ಕರೆಯದೆ ಇರಲಾಗಲಿಲ್ಲ. ಮೂರು ಮಾರು ದೂರದಲ್ಲಿದ್ದ ಎರಡು ಮನೆಗಳ ನಡುವೆ ಹೀಗೆ ಉಪಚಾರ ಓಡಾಡಿ, ನಾವು ಹೊರಡುವ ಹೊತ್ತಿಗೆ ಮಧ್ಯಾಹ್ನವಾಯಿತು.

ತೀರ್ಥಹಳ್ಳಿಯಲ್ಲಿ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಕೈ ಅಡ್ಡ ಹಾಕಿದರು. ಅವರ ಮನೆಯ ಮುಂದೆ ಟ್ರೈಲರು ನಿಂತದ್ದೇ ಸರಿ, ಬೀದಿಯವರೆಲ್ಲ ಬಂದು ಬೆಂಚಿನಲ್ಲಿ ಕೂತು ಎದ್ದು, ಬಾಗಿಲು ಹಾಕಿ ತೆಗೆದು ನೋಡಿದರು. ಗಿರಿಜ ಒಲೆಯ ಮುಂದಿನಿಂದ ಏಳಲಿಲ್ಲ. ಆಕೆ ತನಗೆಂದು ಬಗ್ಗಿಸಿಕೊಂಡ ಲೋಟ ಬಸ್ಸಿನ ಕಿಟಕಿಯ ಮೇಲೆ ತಟ್ಟೆ ಮುಚ್ಚಿಕೊಂಡು ಕೂತಿತ್ತು. ಮೇಗರವಳ್ಳಿಯ ಮೇಲೆ ಹೋಗುತ್ತೀರಲ್ಲ ಎಂದು ಸಹೋದ್ಯೋಗಿಯ ಹೆಂಡತಿ, ಅಲ್ಲಿರುವ ಮಗಳಿಗೆ ಕೊಡಲು ಒಂದು ಭರಣಿ ಮಿಡಿ ಉಪ್ಪಿನಕಾಯಿ ಕೊಟ್ಟರು. ಪಕ್ಕದವರು ಅದೇ ಊರಿಗೆ ಒಂದು ಬಾಳೆಗೊನೆ ಕೊಟ್ಟರು. ಮೇಗರವಳ್ಳಿಯಲ್ಲಿ ಉಪ್ಪಿನಕಾಯಿಯ ಮಗಳು ಸಿಕ್ಕಿದಳು, ಬಾಳೆಗೊನೆಯವರು ಮನೆಯಲ್ಲಿರಲಿಲ್ಲ. ಮಗಳು ಮನೆ ನೋಡದೆ ಬಿಡುವುದಿಲ್ಲ ಎಂದಳು, ಅವಳ ಅತ್ತೆಯೂ ಬಂದರು, ಮತ್ತೆ ಹಾಲಿಟ್ಟದ್ದಾಯಿತು. ಬಸ್ಸು ಎರಡು ಮೂರು ಗಂಟೆಯಲ್ಲಿ ಹೋಗುವ ಹಾದಿಗೆ ನಮಗೆ ಮೂರು ದಿನ ಹಿಡಿದಿತ್ತು. ಗಿರಿಜ ಸಿಟ್ಟಾಗಲಿಲ್ಲ. ಇನ್ನೆಷ್ಟು ದೂರ ಎಂದಷ್ಟೇ ಕೇಳಿದಳು. ಆ ಕೇಳಿದ ದನಿ ನನಗೆ ಸರಿಬರಲಿಲ್ಲ, ಆದರೂ ನಾನು ನಕ್ಷೆ ಬಿಚ್ಚಿ ಅಕ್ಷಾಂಶ ಹೇಳಿದೆ.

ಶೃಂಗೇರಿ ದಾಟಿದ ಮೇಲೆ ಮನೆಗಳು ತೆಳುವಾಗಿ, ಆಮೇಲೆ ಇಲ್ಲವೇ ಆದವು. ಜೀಪಿನ ಹಿಂದಿನ ಸೀಟನ್ನು ಮೊಗೆಕಾಯಿಗಳು ಹಿಡಿದಿದ್ದವು. ಬಾಳೆಗೊನೆ ನನ್ನ ಬದಿಯ ಕನ್ನಡಿಗೆ ಅಡ್ಡ ತೂಗುತ್ತಿತ್ತು, ಮಂಜುವಿನ ಬದಿಯ ಕನ್ನಡಿ ಎಂದೋ ಒಡೆದುಹೋಗಿತ್ತು. ಕೂರಲು ಜಾಗವಿಲ್ಲದೆ ಗಿರಿಜ ಮೇಗರವಳ್ಳಿಯಿಂದಲೂ ಟ್ರೈಲರಿನಲ್ಲೇ ಕೂತಿದ್ದಳು. ಒಂದು ಸಣ್ಣ ಸೇತುವೆಯ ಆಚೆ, ರಸ್ತೆಯ ಪಕ್ಕ ಸಮತಟ್ಟಾದ ಜಾಗದಲ್ಲಿ ಜೀಪು ಬಿಸಿಯಾಯಿತೆಂದು ನಿಲ್ಲಿಸಿದೆವು. ನಾನೂ ಮಂಜುವೂ ಬಾನೆಟ್ ಎತ್ತಿ, ಒಳಗೆ ಬಗ್ಗಿ, ಗಂಡಸರು ಬಾನೆಟ್ಟಿನೊಳಗೆ ನೋಡುವ ಹಾಗೆ ಬಹಳ ಹೊತ್ತು ನೋಡಿದೆವು. ನೀರು ಹಾಕಿ ಬಂದು ಕೂತ ಮೇಲೆ, ಕೂತೆಯಾ ಎಂದು ನಾನು ಕೂಗಿದೆ. ಹಿಂದಿನಿಂದ ಗಿರಿಜಳ ದನಿ ಬಂತು: ‘ಹ್ಞೂಂ, ನಾನು ಕೂತಾಯ್ತು. ನೀವು ಹೊರಡಿ.’

ಆಮೇಲಿನ ದಾರಿಯಲ್ಲಿ ಜೀಪು ಹಗುರವಾಗಿ ಓಡಿತು. ಮಂಜು ಅದನ್ನು ಗಮನಿಸದೆ ಇರಲಿಲ್ಲ. ‘ನೋಡಿ ಭಾವ, ಹಿಂದೆ ಒಂದ್ ಮನೆ ಬರ್ತಿದೆ ಅಂತ ಗೊತ್ತಾಗ್ತಿದ್ಯಾ?’ ಎಂದ. ಒಂದು ಕುಲುಕಾಟವಿಲ್ಲ, ಏರಿನಲ್ಲಿ ಏದುಸಿರಿಲ್ಲ, ಎಲ್ಲವೂ ಕೊಂಡಿಯ ಅಳತೆಯ ಮಹಿಮೆ ಎಂದು ವಿವರಿಸಿದ. ನಾನು ಒಪ್ಪಿದೆ. ಅದಕ್ಕೆ ಭೂಗೋಳದ ಕಾರಣಗಳೂ ಇವೆ ಎಂದು ಪಶ್ಚಿಮಘಟ್ಟದ ಇಳಿಜಾರಿನ ಬಗ್ಗೆ ಒಂದು ಪೂರ್ತಿ ಪೀರಿಯಡ್ಡಿನಷ್ಟು ಮಾತಾಡಿದೆ.

ರಾಷ್ಟ್ರೀಯ ಉದ್ಯಾನದ ಗೇಟಿನಲ್ಲಿ ಗಾರ್ಡ್ ಪುಸ್ತಕ ತೆಗೆದು, ಜೀಪಿನ ನಂಬರು ಬರೆದುಕೊಂಡು, ಜೊತೆಗೆ ಇನ್ನೇನಿದೆ ಎಂದು ಕೇಳಿದ. ಹಿಂದೆ ಒಂದು ಮನೆ ಇದೆ ಎಂದೆ ನಾನು. ಅವನು ಪೆನ್ನು ಕೆಳಗಿಟ್ಟ. ವಾಹನವಾದರೆ ಈ ಗೇಟಿನಲ್ಲಿ ಹೊಕ್ಕು, ಎಲ್ಲೂ ನಿಲ್ಲಿಸದೆ, ಹೇಳಿದ ಹೊತ್ತಿನೊಳಗೆ ಆಚೆ ಗೇಟಿನಲ್ಲಿ ಹೊರಬೀಳಬೇಕು, ಮನೆಗೆ ಅವಕಾಶವಿಲ್ಲ ಎಂದ. ಚಕ್ರ ಇದೆ, ಹಾಗಾಗಿ ವಾಹನವೇ ಎಂದ ಮಂಜು. ಒಲೆ ಇದೆಯಾ ಎಂದು ಕೇಳಿದ ಗಾರ್ಡ್. ಇತ್ತು. ದೇವರಿದೆಯಾ. ಅದೂ ಇತ್ತು. ಉಪ್ಪಿನಕಾಯಿ? ಮೇಗರವಳ್ಳಿಯ ಮಗಳು ತನ್ನ ಭರಣಿಯಿಂದ ಅರ್ಧ ನಮಗೆ ತೆಗೆದುಕೊಟ್ಟಿದ್ದಳು. ಹಾಗಾದರೆ ಅದು ಮನೆಯೇ ಎಂದು ಅವನು ತೀರ್ಮಾನಿಸಿದ. ನಾನು ಸುಮ್ಮನಿರಬೇಕಿತ್ತು. ಅಲೆಮಾರಿ ಜನಾಂಗಗಳ ಡೇರೆಯನ್ನು ಭೂಗೋಳದಲ್ಲಿ ಮನೆ ಎನ್ನಬೇಕೋ ಬೇಡವೋ ಎಂಬಲ್ಲಿಂದ ಶುರುಮಾಡಿದೆ. ಕಾಲು ಗಂಟೆ ವಾದ ನಡೆಯಿತು. ಕೊನೆಗೆ ಮಂಜು, ನೀವೇ ಕಣ್ಣಾರೆ ನೋಡಿ ಹೇಳಿ ಎಂದ. ಗಾರ್ಡ್ ಟೋಪಿ ಹಾಕಿಕೊಂಡು ಹಿಂದಕ್ಕೆ ಹೋದ. ಆ ಬದಿಗೆ ಹೋದ, ಈ ಬದಿಗೆ ಬಂದ, ಬಗ್ಗಿ ಜೀಪಿನ ಅಡಿಯನ್ನೂ ನೋಡಿದ. ಆಮೇಲೆ ನನ್ನ ಕಿಟಕಿಗೆ ಬಂದು ಮನೆ ಎಲ್ಲಿ ಎಂದು ಕೇಳಿದ. ಹಿಂದೆ ಎಂದೆ.

‘ಹಿಂದೆ ಎಂತದೂ ಇಲ್ಲ ಸಾರ್,’ ಎಂದ, ಬಹಳ ಸಮಾಧಾನದಿಂದ. ‘ಹಿಂಗಾದ್ರೆ ಅಡ್ಡಿ ಇಲ್ಲ, ಹೋಗ್ಬಹುದು.’

ನಾನು ಇಳಿದು ಹಿಂದೆ ಹೋಗಿ ನೋಡಿದೆ. ಎರಡು ಕಿವಿಗಳ ನಡುವೆ ಏನೂ ಇರಲಿಲ್ಲ. ಮಂಜು ಜೀಪು ತಿರುಗಿಸಿದ ರೀತಿಗೆ ಹಿಂದಿನ ಮೊಗೆಕಾಯಿಗಳೆಲ್ಲ ಒಂದು ಬದಿಗೆ ಉರುಳಿದವು. ನನಗೆ ಹೆದರಿಕೆಯಾಗಿತ್ತು. ಪ್ರತಿ ತಿರುವಿನಲ್ಲೂ ಕಂದಕದ ಕಡೆ ನೋಡುತ್ತಿದ್ದೆ, ತಗಡು ಹೊಳೆಯುತ್ತದೋ ಎಂದು. ಹೋಗುವಾಗ ಪಶ್ಚಿಮಘಟ್ಟದ ಇಳಿಜಾರನ್ನು ಎಷ್ಟು ಚಂದ ವರ್ಣಿಸಿದ್ದೆ ಎಂಬುದು ನೆನಪಾಯಿತು. ಹೆಂಡತಿ ಹಿಂದೆ ಇದ್ದಾಳೆಂದು ತಿಳಿದುಕೊಂಡು ಎಂಟು ಮೈಲಿ ಮಾತಾಡಿದ್ದೆನಲ್ಲ. ಆಗ ಕಣ್ಣಿಗೆ ಬಂದದ್ದು ನಮ್ಮ ಅಡುಗೆಮನೆಯ ಕಿಟಕಿ, ಅದರ ಮೇಲೆ ತಟ್ಟೆ ಮುಚ್ಚಿದ ಲೋಟ. ಹಲ್ಲಿಗಾಗಿ ಮುಚ್ಚಿದ್ದಲ್ಲ ಎಂದು ಆ ತಿರುವುಗಳಲ್ಲಿ ನನಗೆ ತಿಳಿಯಿತು.

ಸೇತುವೆಯ ಹತ್ತಿರ, ನಿಲ್ಲಿಸಿದ ಜಾಗದಲ್ಲೇ ಟ್ರೈಲರು ನಿಂತಿತ್ತು. ಬಾಗಿಲು ತೆರೆದಿತ್ತು, ಗಿರಿಜ ಮೆಟ್ಟಿಲಿನ ಮೇಲೆ ಕೂತಿದ್ದಳು. ಕೈಯಲ್ಲಿ ಲೋಟ, ಲೋಟದಿಂದ ಹಬೆ ಏಳುತ್ತಿತ್ತು. ನಮ್ಮನ್ನು ನೋಡಿ ಅವಳ ಮುಖದಲ್ಲಿ ಕಂಡದ್ದು ಸಂತೋಷ ಎನ್ನಲಾರೆ.

‘ಇಷ್ಟ್ ಬೇಗ ಬಂದ್ರಾ?’ ಎಂದಳು.

ನಾನು ಸುತ್ತ ನೋಡಿದೆ. ಮೂಗಿನ ಕೆಳಗಿನ ಕಾಲು ಇಳಿಸಿತ್ತು. ಚಕ್ರಗಳಿಗೆ ಹಿಂದೆ ಮುಂದೆ ಬೆಣೆ ಕೊಟ್ಟಿತ್ತು. ದೀಪದ ವಯರನ್ನು ಕಿತ್ತು, ಒಪ್ಪವಾಗಿ ಸುತ್ತಿ ತೂಗುಹಾಕಿತ್ತು. ಮೆಟ್ಟಿಲಿನ ಮೇಲೆ ಅವಳ ಪಕ್ಕದಲ್ಲಿ ಒಂದು ತುಂಡು ಶುಂಠಿಯ ಸಿಪ್ಪೆ, ಅದರ ಪಕ್ಕ ಒದ್ದೆ ಪಿನ್ನು. ನಾವು ಬಾನೆಟ್ಟಿನೊಳಗೆ ತಲೆ ಹಾಕಿಕೊಂಡಿದ್ದಾಗ ಅವಳು ಒಂದನ್ನೂ ತಪ್ಪದೆ, ಮಂಜು ಹೇಳಿಕೊಟ್ಟ ಕ್ರಮದಲ್ಲೇ ಮಾಡಿದ್ದಳು. ಇವಳು ನನ್ನ ಕ್ಲಾಸಿನಲ್ಲಿದ್ದಿದ್ದರೆ ಅರ್ಧ ಅಂಕವನ್ನೂ ಕಳೆಯುವಂತಿರಲಿಲ್ಲ. ಮಂಜು ಕೊಂಡಿಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು, ಬೆರಳಾಡಿಸಿ ನೋಡಿ, ವೆಲ್ಡಿಂಗು ಬಿಟ್ಟಿಲ್ಲ ಎಂದು ನಿಟ್ಟುಸಿರು ಬಿಟ್ಟ. ಆಮೇಲೆ ಅಕ್ಕನ ಮುಖ ನೋಡಿದವನು ಬಾಯಿ ತೆರೆಯುವುದರಲ್ಲಿದ್ದ. ನಾನು ಅವನ ತೋಳು ಹಿಡಿದು ಸೇತುವೆಯ ಕಡೆಗೆ ಕಳಿಸಿದೆ.

ಹೊರಡೋಣವಾ ಎಂದು ನಾನು ಕೇಳಲಿಲ್ಲ. ಅವಳೇ, ಇನ್ನೂ ಅರ್ಧ ಇದೆ ಎಂದಳು. ನಾನು ರಸ್ತೆಯ ಬದಿಗೆ ಬಂದು ನಿಂತೆ.

ಆಗ ಶೃಂಗೇರಿ ಕಡೆಯಿಂದ ಒಂದು ಬಸ್ಸು ಬಂತು. ನಮ್ಮನ್ನು ದಾಟಿ ನಾಲ್ಕು ಮಾರು ಹೋಗಿ ನಿಂತಿತು. ಕಿಟಕಿಯಿಂದ ಒಂದು ತಲೆ ಹೊರಬಂದು, ಸಾರ್, ನೀವಿಲ್ಲಿ ಎಂತ ಮಾಡ್ತಿದೀರಿ ಎಂದು ಕೇಳಿತು. ನನ್ನ ಹಳೆಯ ವಿದ್ಯಾರ್ಥಿ, ಕುದುರೆಮುಖವನ್ನು ಅರಬ್ಬೀ ಸಮುದ್ರದಲ್ಲಿ ಗುರುತು ಮಾಡಿದ್ದವನು. ಈಗ ದೊಡ್ಡ ಮನುಷ್ಯನಾಗಿದ್ದ. ಟ್ರೈಲರನ್ನು ನೋಡಿ, ಇದು ನಿಮ್ಮ ಮನೆಯಾ ಸಾರ್ ಎಂದು ಕೇಳಿ, ಕಂಡಕ್ಟರಿಗೆ ಒಂದೇ ನಿಮಿಷ ಎಂದು ಹೇಳಿ, ಬಾಗಿಲಿಗೆ ಬಂದು ಒಂದು ಕಾಲು ಕೆಳಗಿಟ್ಟ. ಮೂವತ್ತು ವರ್ಷದ ಅಭ್ಯಾಸ, ಬನ್ನಿ ಬನ್ನಿ ಎಂಬ ಮಾತು ನನ್ನ ಗಂಟಲಿಗೆ ಬಂದೇಬಿಟ್ಟಿತ್ತು.

‘ಮನೇಲಿ ಯಾರೂ ಇಲ್ಲ ಕಣಪ್ಪ,’ ಎಂದೆ.

ಅವನು ನನ್ನ ಹೆಗಲ ಮೇಲಿನಿಂದ ನೋಡಿದ. ‘ಅಮ್ಮ ಅಲ್ಲೇ ಕೂತಿದಾರಲ್ಲ ಸಾರ್.’

‘ಅವ್ರೂ ಇಲ್ಲ.’

ನಿವೃತ್ತಿಯಾದ ಮೇಲೆ ಸಾರ್‌ಗೆ ಹೀಗಾಯಿತಲ್ಲ ಎಂಬ ಮರುಕ ಅವನ ಮುಖದಲ್ಲಿ ಸ್ಪಷ್ಟವಾಗಿತ್ತು. ನಮಸ್ಕಾರ ಮಾಡಿ ಒಳಗೆ ಹೋದ. ಬಸ್ಸು ಹೊರಟು, ತಿರುವಿನಲ್ಲಿ ಮರೆಯಾಗಿ, ಸದ್ದೂ ನಿಂತಿತು.

ಹಿಂದೆ ಲೋಟ ಕೆಳಗಿಟ್ಟ ಸದ್ದಾಯಿತು. ಪಾತ್ರೆಯಲ್ಲಿ ಇನ್ನೂ ಸ್ವಲ್ಪ ಇದೆ, ಹಾಕ್ಕಳ್ಳಾ ಎಂದು ಗಿರಿಜ ಕೇಳಿದಳು. ನನ್ನನ್ನು ಕೇಳಿದ್ದೋ ತನ್ನನ್ನೇ ಕೇಳಿಕೊಂಡದ್ದೋ ತಿಳಿಯಲಿಲ್ಲ.

‘ಹಾಕ್ಕ ಮಾರಾಯ್ತಿ,’ ಎಂದೆ, ರಸ್ತೆಯ ಕಡೆಗೇ ನೋಡುತ್ತ. ‘ನಾನು ಬಾಗ್ಲಲ್ಲೇ ನಿಂತಿರ್ತೀನಿ.’